ಮೀನು ತರುವ ಮುಂಚೆ ಹೆಸರು, ಊರು ಕೇಳಿರಿ



ಈ ಸಲ ಅಣ್ಣಿಗೇರಿ ಕಡೆಯ ಸೋದರಿಯೊಬ್ಬರು ಬರೆದ ಪತ್ರಕ್ಕೆ ಉತ್ತರ ಕೊಡುತ್ತೇನೆ. ಅವರ ಮಗನಿಗೆ ಮೀನು ಸಾಕುವ ಹುಚ್ಚು. ಮೊಬೈಲಿನಲ್ಲಿ ಮಾರಾಟದ ಪಟ್ಟಿ ನೋಡಿ ‘ಟ್ಯಾಂಕ್ ಕ್ಲೀನರ್’ ಎಂಬ ಎರಡಿಂಚಿನ ಮೀನು ತರಿಸಿದ. ಈಗ ಅದು ಗೇಣುದ್ದ ಆಗೇತಿ, ಗಾಜಿನ ಪೆಟ್ಟಿಗೆಯಲ್ಲಿ ಹೊರಳಾಡಲಿಕ್ಕೂ ಜಾಗವಿಲ್ಲ. ಕೊಲ್ಲಲು ಯಾರಿಗೂ ಮನಸ್ಸಿಲ್ಲ. ಊರ ಕೆರೆಗೆ ಬಿಟ್ಟರೆ ಪುಣ್ಯ ಬರ್ತದ ಎಂದು ಅತ್ತೆಯವರು ಹೇಳುತ್ತಾರಂತೆ. ಬಿಡಲೇನ್ರಿ ಎಂಬುದು ಅವರ ಪ್ರಶ್ನೆ.

ಬ್ಯಾಡ್ರಿ ತಾಯಿ, ಬಿಡಬ್ಯಾಡ್ರಿ. ಅತ್ತೆಯವರ ಕರುಣೆ ದೊಡ್ಡದು, ನಿಜ. ಆದರೆ ಒಂದು ಜೀವ ಉಳಿಸಲು ಹೋಗಿ ಇಡೀ ಕೆರೆಗೆ ಕಷ್ಟ ತಂದಂತೆ ಆಗುತ್ತದೆ.

‘ಟ್ಯಾಂಕ್ ಕ್ಲೀನರ್’ ಎಂಬುದು ಮೀನಿನ ಹೆಸರೇ ಅಲ್ಲ, ಅಂಗಡಿಯವರು ಅದಕ್ಕೆ ಹಚ್ಚಿದ ಕೆಲಸ. ಹೀಗೆ ಮಾರುವ ಮೀನುಗಳಲ್ಲಿ ಹೆಚ್ಚಿನವು ಟೆರಿಗೊಪ್ಲಿಕ್ತಿಸ್ ಎಂಬ ಜಾತಿಗೆ ಸೇರಿದವು. ತವರು ದಕ್ಷಿಣ ಅಮೆರಿಕದ ಹೊಳೆಗಳು. ಬೆಳೆದರೆ ಒಂದೂವರೆ ಅಡಿ ಆಗುತ್ತದೆ. ಮೈ ತುಂಬ ಗಟ್ಟಿ ಕವಚ, ರೆಕ್ಕೆಯಲ್ಲಿ ಮುಳ್ಳು. ಬಲೆಗೆ ಬಿದ್ದರೆ ಬಲೆಯೇ ಹರಿಯುತ್ತದೆ. ನೀರು ಕೆಟ್ಟರೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಮೊಟ್ಟೆಯಿಡಲು ದಂಡೆಯ ಮಣ್ಣಿನೊಳಗೆ ಬಿಲ ತೋಡುತ್ತದೆ. ನಮ್ಮ ಕೆರೆಯ ಏರಿ ಮಣ್ಣಿನದೇ ಅಲ್ಲವೇ? ಹೀಗೆ ಮನೆಗಳಿಂದ ಹೊರಬಿದ್ದ ಈ ಮೀನು ಕೇರಳದ ಹೊಳೆಗಳಲ್ಲಿ, ಕೋಲ್ಕತ್ತದ ಪೂರ್ವದ ಜೌಗುಕೆರೆಗಳಲ್ಲಿ ಈಗಾಗಲೇ ಬೇರೂರಿದೆ.

ನವಲಗುಂದ, ಅಣ್ಣಿಗೇರಿ ಕಡೆಯ ಎರಿ ನೆಲದಲ್ಲಿ ಕೊಳವೆಬಾವಿ ತೋಡಿದರೆ ಬಹಳ ಕಡೆ ಉಪ್ಪುನೀರೇ ಬರುತ್ತದೆ. ಅದಕ್ಕೇ ನಮ್ಮವರು ಕೆರೆಯನ್ನು ಅಷ್ಟು ಜತನ ಮಾಡಿಕೊಂಡು ಬಂದದ್ದು. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ಮೀನು ಹಳ್ಳ ಸೇರುತ್ತದೆ. ಕುಂದಗೋಳ, ನವಲಗುಂದದ ಬೆಣ್ಣಿಹಳ್ಳದ ನೀರು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಕಲಘಟಗಿಯ ಬೇಡ್ತಿಯ ನೀರೋ ಪಡುವಲಿಗೆ ಹೊರಟು, ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ. ಒಂದೇ ಜಿಲ್ಲೆಯೊಳಗೆ ಎರಡು ದಿಕ್ಕಿನ ನೀರು, ಎರಡು ಬಗೆಯ ಮೀನಿನ ಸಂಸಾರ. ಒಂದರ ಮೀನನ್ನು ಇನ್ನೊಂದಕ್ಕೆ ಬಿಡುವುದೂ ಸರಿಯಲ್ಲ. ಮತ್ತೆ ಸಮುದ್ರದಾಚೆಯ ಮೀನಿನ ಮಾತೇನು?

‘ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರೇ ಗಪ್ಪಿ, ಗಂಬೂಸಿಯಾ ಬಿಡ್ತಾರಲ್ಲ’ ಎಂದು ನೀವು ಕೇಳಬಹುದು. ಹೌದು, ಅವೂ ಹೊರಗಿನಿಂದ ಬಂದವೇ. ಗಂಬೂಸಿಯಾ ನಮ್ಮ ದೇಶಕ್ಕೆ ಬಂದದ್ದು 1928ರಲ್ಲಿ. ಬಾವಿ, ತೊಟ್ಟಿಯಂಥ ಕಟ್ಟಿದ ನೀರಿಗೆ ಲೆಕ್ಕ ನೋಡಿ ಬಿಡುವುದು ಬೇರೆ, ಹರಿಯುವ ನೀರಿಗೆ ಸುರಿಯುವುದು ಬೇರೆ. ಗಂಬೂಸಿಯಾ ನಮ್ಮ ಸಣ್ಣ ಮೀನುಗಳ ಮೊಟ್ಟೆ-ಮರಿಗಳನ್ನೂ ಬಿಡುವುದಿಲ್ಲ.

ಸೊಸೆ ತರುವಾಗ ಊರು, ಮನೆತನ ವಿಚಾರಿಸದೆ ತರುತ್ತೇವೆಯೇ? ಮೀನಿಗೂ ಅಷ್ಟು ವಿಚಾರಣೆ ಇರಲಿ. ಮಗ ಮೊಬೈಲಿನಲ್ಲಿ ಪಟ್ಟಿ ತೆರೆದಾಗ ಪಕ್ಕದಲ್ಲಿ ಕೂತು ಈ ನಾಲ್ಕು ಮಾತು ಕೇಳಿಸಿರಿ:

1. ಇದರ ಶಾಸ್ತ್ರೀಯ ಹೆಸರೇನು? ಅಂಗಡಿಯ ಹೆಸರು ಊರಿಗೊಂದು ಇರುತ್ತದೆ.

2. ಇದರ ಮೂಲ ಊರು ಯಾವುದು, ಎಂಥ ನೀರಿನದು? ನಮ್ಮ ಗಡಸು ನೀರಿಗೆ ಗಪ್ಪಿ, ಮೋಲಿ ಹೊಂದಿಕೊಳ್ಳುತ್ತವೆ. ನಿಯಾನ್ ಟೆಟ್ರಾದಂಥವಕ್ಕೆ ಮೆದು ನೀರೇ ಬೇಕು.

3. ಬೆಳೆದರೆ ಎಷ್ಟುದ್ದ? ಪಟ್ಟಿಯಲ್ಲಿ ಬರೆದಿರುವುದು ಮರಿಯ ಅಳತೆ.

4. ಸಾಕಿ ಮರಿ ಮಾಡಿಸಿದ್ದೋ, ಹೊಳೆಯಿಂದ ಹಿಡಿದದ್ದೋ?

ಕಡೆಯ ಪ್ರಶ್ನೆ ಸಣ್ಣದಲ್ಲ. ಮೈಮೇಲೆ ಕೆಂಪು, ಕಪ್ಪು ಪಟ್ಟೆಯಿರುವ ‘ಮಿಸ್ ಕೇರಳ’ ಎಂಬ ಚೆಲುವಾದ ಮೀನಿದೆ. ಮದ್ರಾಸಿನ ಗವರ್ನರ್ ಡೆನಿಸನ್ ಹೆಸರಿನಲ್ಲಿ ಫ್ರಾನ್ಸಿಸ್ ಡೇ 1865ರಲ್ಲಿ ಅದಕ್ಕೆ ಹೆಸರಿಟ್ಟ. ಕೇರಳ ಮತ್ತು ಕರ್ನಾಟಕದ ದಕ್ಷಿಣದ ಘಟ್ಟದ ಹೊಳೆಗಳು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅದು ಹುಟ್ಟುವುದಿಲ್ಲ. ಹೊರದೇಶದವರು ಮೆಚ್ಚಿದ್ದೇ ತಡ, ಹೊಳೆ ಬಳಿದು ಹಿಡಿದರು. ಇಂದು ಅದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಈಗ ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ತಿಳಿದಿದೆ. ಕೊಳ್ಳುವುದಾದರೆ ಅಂಥದನ್ನೇ ಕೇಳಿರಿ.

ಮೀನು ಸಾಕುವವರ ಸಂಘಗಳಲ್ಲಿ ಒಂದೊಂದು ಜಾತಿಗೂ ದಾಖಲೆ ಇಡುವ ಪದ್ಧತಿ ಉಂಟು. ನಿಮ್ಮ ಮಕ್ಕಳೂ ಇಡಲಿ. ಒಂದು ಎರಡು ನೂರು ಪುಟದ ನೋಟುಬುಕ್ಕು ಸಾಕು. ಹೆಸರು, ತಂದ ದಿನ, ಎಲ್ಲಿಂದ, ಏನು ತಿನ್ನುತ್ತದೆ, ಎಷ್ಟು ಬೆಳೆಯಿತು, ಮರಿ ಹಾಕಿತೇ ಎಂದು ಬರೆಯಲಿ. ಅದೇ ಪುಸ್ತಕದ ಹಿಂದಿನ ಅರ್ಧದಲ್ಲಿ ಊರ ಕೆರೆಯ ಮೀನುಗಳನ್ನು ಬರೆಯಲಿ. ನೋಡಿ, ಚಿತ್ರ ತೆಗೆದು, ಅದೇ ಕೆರೆಗೆ ಬಿಟ್ಟರೆ ಸಾಕು. ಹೆಸರು ಮಾತ್ರ ಮನೆಯ ಹಿರಿಯರನ್ನೇ ಕೇಳಲಿ.

ಅಜ್ಜಿ ಹೇಳಿದ ಹೆಸರಿಗೇನು ಬೆಲೆ ಅಂತೀರಾ? 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕನನ್ ಮುಂದೆ ಬಂಗಾಳದ ಮೀನುಗಳ ದಾಖಲೆಯನ್ನೂ ಮಾಡಿದ. 1822ರ ಆ ಪುಸ್ತಕದಲ್ಲೇ ಇಂದು ಮನೆಮನೆಯ ತೊಟ್ಟಿಯಲ್ಲಿರುವ ಜೀಬ್ರಾ ಮೀನಿನ ಮೊದಲ ದಾಖಲೆ ಇದೆ. ಅದರ ಶಾಸ್ತ್ರೀಯ ಹೆಸರಿನ ‘ಡ್ಯಾನಿಯೊ’ ಬಂದದ್ದು ಬಂಗಾಳದ ‘ಧಾನಿ’ ಎಂಬ ಮಾತಿನಿಂದ. ಧಾನಿ ಅಂದರೆ ಬತ್ತದ ಗದ್ದೆಯದು ಎಂದರ್ಥ. ಹಳ್ಳಿಯವರ ಬಾಯಿಯ ಮಾತು ಲೋಕದ ವಿಜ್ಞಾನವನ್ನೇ ಸೇರಿತು. ನಮ್ಮ ಕೆರೆಯ ಮೀನುಗಳ ಹೆಸರು ಬರೆದಿಡುವವರಿಲ್ಲದೆ ಅಜ್ಜಿಯಂದಿರ ಜೊತೆಗೇ ಹೋಗಬಾರದಲ್ಲ?

ಇನ್ನು ಅಣ್ಣಿಗೇರಿಯ ಸೋದರಿಗೆ: ಮೊದಲು ಮಾರಿದವರಿಗೇ ವಾಪಸು ತೆಗೆದುಕೊಳ್ಳುವಿರಾ ಎಂದು ಕೇಳಿರಿ. ಒಪ್ಪದಿದ್ದರೆ ಹುಬ್ಬಳ್ಳಿ-ಧಾರವಾಡದಲ್ಲಿ ದೊಡ್ಡ ತೊಟ್ಟಿ ಇಟ್ಟವರನ್ನು ಹುಡುಕಿರಿ, ಮೀನುಗಾರಿಕೆ ಇಲಾಖೆಯವರ ಸಲಹೆಯನ್ನೂ ಪಡೆಯಿರಿ. ಅಲ್ಲಿಯವರೆಗೆ ಸಿಮೆಂಟಿನ ತೊಟ್ಟಿಯೊಂದರಲ್ಲಿ ಇಟ್ಟು, ಮೇಲೆ ಜಾಳಿಗೆ ಮುಚ್ಚಿರಿ. ನಲ್ಲಿಯ ನೀರಾದರೆ ಒಂದು ದಿನ ತೆರೆದಿಟ್ಟು ಹಾಕಿರಿ. ಅತ್ತೆಯವರಿಗೂ ತಿಳಿಸಿ ಹೇಳಿರಿ, ಸಾಕಿದ್ದನ್ನು ಕಡೆತನಕ ನೋಡಿಕೊಳ್ಳುವುದೂ ಪುಣ್ಯದ ಕೆಲಸವೇ.

ನಿಮ್ಮೂರ ಕೆರೆಯಲ್ಲಿ ಸಿಗುವ ಮೀನುಗಳನ್ನು ಏನೆಂದು ಕರೆಯುತ್ತೀರಿ? ಊರು, ಕೆರೆಯ ಹೆಸರಿನೊಡನೆ ಬರೆದು ಕಳಿಸಿರಿ, ಈ ಪುಟದಲ್ಲೇ ಹಾಕೋಣ.