ಮತ್ತೊಮ್ಮೆ ಬಿತ್ತಿದರೆ ಬೀಜದ ರೊಕ್ಕ ಎಲ್ಲಿಯದು?

“ಅಣ್ಣಾ, ನೀ ಕೊಟ್ಟು ಹೋದ ಆ ಡಬ್ಬಿಯಿಂದ ನಮ್ಮ ಮನ್ಯಾಗ ತಂದಿ-ಮಗನ ಮಾತು ನಿಂತಾವು. ಬಂದು ಏನಾರ ಒಂದು ಹಾದಿ ಮಾಡಿ ಹೋಗು.”

ಜೂನ್ ತಿಂಗಳ ಒಂದು ಮುಂಜಾನೆ ತಂಬೂರಿನಿಂದ ತಂಗಿ ಫೋನಿನಲ್ಲಿ ಹೀಗೆಂದಾಗ ನನಗೆ ನಾಚಿಕೆಯಾಯಿತು. ತಪ್ಪು ನನ್ನದೇ ಆಗಿತ್ತು. 2004ರಲ್ಲಿ ನನ್ನ ಮಗ ಪರದೇಶದಿಂದ ಬರುವಾಗ ಅಂಗೈಯಲ್ಲಿ ಹಿಡಿದು ಆಡುವ ಒಂದು ವಿಡಿಯೋ ಆಟದ ಯಂತ್ರ ತಂದಿದ್ದ. ಅವನಿಗೆ ಅದು ಬೇಸರವಾದ ಮೇಲೆ ಎಷ್ಟೋ ವರ್ಷ ನಮ್ಮ ಕಪಾಟಿನ ಮೂಲೆಯಲ್ಲಿ ಬಿದ್ದಿತ್ತು. ಬೇಸಿಗೆಯ ರಜೆಗೆ ಧಾರವಾಡಕ್ಕೆ ಬಂದಿದ್ದ ತಂಗಿಯ ಮಗ ಅದನ್ನು ಕಂಡ. ಒಂಬತ್ತನೆಯ ತರಗತಿಯ ಹುಡುಗ. ಮೊಬೈಲು ಬೇಡುವುದಕ್ಕಿಂತ ಇದು ವಾಸಿಯೆಂದುಕೊಂಡು ಕೊಟ್ಟು ಕಳಿಸಿದ್ದೆ.

ಯಂತ್ರದ ಹೆಸರು ಗೇಮ್ ಬಾಯ್ ಅಡ್ವಾನ್ಸ್. ಜಪಾನಿನ ನಿಂಟೆಂಡೊ ಕಂಪನಿ 2001ರಲ್ಲಿ ಹೊರತಂದದ್ದು. ಈ ಕಂಪನಿ 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡಲು ಹುಟ್ಟಿದ್ದು ಎಂದರೆ ನಮ್ಮ ಹುಡುಗರು ನಂಬಲಿಕ್ಕಿಲ್ಲ. 1989ರಲ್ಲಿ ಬಂದ ಮೊದಲ ಗೇಮ್ ಬಾಯ್ ಯಂತ್ರದ ಹಿಂದೆ ಗುನ್‌ಪೇ ಯೊಕೊಯ್ ಎಂಬ ಎಂಜಿನಿಯರ್ ಇದ್ದರು. ಹೊಸದಾಗಿ ಬಂದ ದುಬಾರಿ ತಂತ್ರಜ್ಞಾನದ ಬೆನ್ನು ಹತ್ತುವುದಕ್ಕಿಂತ, ಹಳತಾಗಿ ಅಗ್ಗವಾದ ಬಿಡಿಭಾಗಗಳನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂಬುದು ಅವರ ಧೋರಣೆ. ಎದುರಾಳಿ ಕಂಪನಿಗಳ ಬಣ್ಣದ ಪರದೆಯ ಯಂತ್ರಗಳು ಆರು ಸೆಲ್ಲುಗಳನ್ನು ಕೆಲವೇ ತಾಸುಗಳಲ್ಲಿ ತಿಂದು ಹಾಕುತ್ತಿದ್ದಾಗ, ಬಣ್ಣವಿಲ್ಲದ ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಬಹುಕಾಲ ನಡೆದು ಗೆದ್ದಿತು. ನನ್ನ ಅಳಿಯನ ಕೈಗೆ ಬಂದ ಯಂತ್ರಕ್ಕೆ ಬಣ್ಣವಿದೆ, ಆದರೆ ಸ್ವಂತ ಬೆಳಕಿಲ್ಲ. ಹಗಲು ಕಟ್ಟೆಯ ಮೇಲೆ, ರಾತ್ರಿ ನಡುಮನೆಯ ದೀಪದ ಕೆಳಗೆ ಕೂತೇ ಆಡಬೇಕು. ಹೊದಿಕೆಯೊಳಗೆ ಅಡಗಿ ಆಡುವ ಹಾಗಿಲ್ಲ.

ಅದರಲ್ಲಿದ್ದ ಆಟ ‘ಫೈರ್ ಎಂಬ್ಲೆಮ್’. 1990ರಲ್ಲಿ ಜಪಾನಿನಲ್ಲಿ ಆರಂಭವಾದ ಈ ಮಾಲಿಕೆಯ ಆಟವೊಂದು ಆ ದೇಶದ ಹೊರಗೆ ಮೊದಲು ಬಂದದ್ದು 2003ರಲ್ಲಿ. ಕೋಟೆ, ಕುದುರೆ, ಕತ್ತಿ, ಈಟಿಗಳ ಕಾಲದ ಒಂದು ಕಲ್ಪಿತ ರಾಜ್ಯದಲ್ಲಿ ಕಾಣೆಯಾದ ತಂದೆಯನ್ನು ಹುಡುಕುತ್ತ ಹೊರಡುವ ಎಲಿವುಡ್ ಎಂಬ ತರುಣನ ಕಥೆ. ಬೆರಳು ಚುರುಕಾಗಿದ್ದವನು ಗೆಲ್ಲುವ ಆಟ ಇದಲ್ಲ. ಚದುರಂಗದಂತೆ ಮನೆಗಳಿರುವ ನಕಾಶೆ. ನಿಮ್ಮವರನ್ನೆಲ್ಲ ನೀವು ನಡೆಸಿದ ಮೇಲೆ ಶತ್ರುವಿನ ಸರದಿ. ಕತ್ತಿಯವನು ಕೊಡಲಿಯವನಿಗೆ ಮೇಲು, ಕೊಡಲಿ ಈಟಿಗೆ ಮೇಲು, ಈಟಿ ಕತ್ತಿಗೆ ಮೇಲು. ಕುದುರೆಯವನು ಬಯಲಿನಲ್ಲಿ ದೂರ ಓಡುತ್ತಾನೆ, ಕಾಡಿನಲ್ಲಿ ತಡವರಿಸುತ್ತಾನೆ. ಕಬ್ಬಿಣದ ಕತ್ತಿ 46 ಏಟಿಗೆ ಮುರಿಯುತ್ತದೆ. ಬಿಲ್ಲುಗಾರರ ಬಾಣ ಸಾಮಾನ್ಯವಾಗಿ ಎರಡು ಮನೆ ದೂರದವನಿಗಷ್ಟೇ ತಾಗುತ್ತದೆ. ಶತ್ರು ಪಕ್ಕಕ್ಕೇ ಬಂದು ನಿಂತರೆ ಅವರು ಕೈಲಾಗದವರು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಈ ಸೈನ್ಯದಲ್ಲಿ ಪ್ರತಿಯೊಬ್ಬನಿಗೂ ಹೆಸರುಂಟು, ಮುಖವುಂಟು, ಊರುಂಟು. ಕಾಳಗದಲ್ಲಿ ಸತ್ತವನು ಸತ್ತ. ಮುಂದಿನ ಅಧ್ಯಾಯಕ್ಕೆ ಅವನು ಮರಳಿ ಬರುವುದಿಲ್ಲ. ತಂಬೂರಿನ ಮನೆಯ ಜಗಳ ಹುಟ್ಟಿದ್ದು ಈ ನಿಯಮದಿಂದಲೇ.

ಮಧ್ಯಾಹ್ನದ ಬಸ್ಸಿಗೆ ಕಲಘಟಗಿಗೆ ಹೋಗಿ, ಅಲ್ಲಿಂದ ತಂಬೂರು ಸೇರಿದೆ. ತಂಗಿ ಚಹಾ ಕೊಡುತ್ತಲೇ ಎಲ್ಲವನ್ನೂ ಹೇಳಿದಳು. ಮೊದಲ ಮಳೆ ನಂಬಿ ಬಿತ್ತಿದ ಗೋವಿನಜೋಳ ಮಳೆ ಕೈಕೊಟ್ಟು ಸರಿಯಾಗಿ ಹುಟ್ಟಿರಲಿಲ್ಲ. ಹದಿನೈದು ದಿನ ಕಾದ ಮೇಲೆ ಮತ್ತೆ ಹದ ಸಿಕ್ಕಿತು. ಭಾವನವರು ಬೆಳಕು ಹರಿಯುವ ಮೊದಲೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದರು. ಬೀಜದ ಚೀಲ ಹೊತ್ತು ಹಿಂದಿನಿಂದ ಬರಬೇಕಾದವನು ಮಗ. ಅವನು ಬಂದದ್ದು ಎರಡು ತಾಸು ತಡವಾಗಿ. ಅರ್ಧ ಹೊಲ ಬಿತ್ತುವಷ್ಟರಲ್ಲಿ ಮಳೆ ಹಿಡಿಯಿತು. ಉಳಿದರ್ಧ ಹಾಗೆಯೇ ಉಳಿಯಿತು. ಭಾವನವರು ಬಯ್ಯಲಿಲ್ಲ. ಡಬ್ಬಿಯನ್ನು ಕಸಿದು ಅಟ್ಟಕ್ಕೆ ಹಾಕಿದರು, ಮಾತು ಬಿಟ್ಟರು.

“ಏನಪಾ, ಅಷ್ಟು ಹೊತ್ತು ಏನ ಮಾಡಾಕತ್ತಿದ್ದಿ?” ಎಂದು ಹುಡುಗನನ್ನು ಕೇಳಿದೆ.

“ಮಾಮಾ, ರೆಬೆಕಾ ಸತ್ತಳ್ರಿ,” ಎಂದ. ಹಳ್ಳಿಯಿಂದ ಬಂದು ಸೈನ್ಯ ಸೇರಿದ ಬಿಲ್ಲುಗಾರ್ತಿ ಅವಳು. ಇವನು ಎಲ್ಲರನ್ನೂ ಮುಂದಕ್ಕೆ ನಡೆಸಿ ಅವಳೊಬ್ಬಳನ್ನು ಹಿಂದೆ ಬಿಟ್ಟಿದ್ದ. ಕೊಡಲಿಯ ಕಳ್ಳನೊಬ್ಬ ಸುತ್ತು ಹಾಕಿ ಬಂದು ಅವಳ ಪಕ್ಕದಲ್ಲೇ ನಿಂತ. ಅವಳು ಸತ್ತದ್ದನ್ನು ಒಪ್ಪಲಾರದೆ ಇವನು ಆ ಅಧ್ಯಾಯವನ್ನು ಮೊದಲಿನಿಂದ ಆಡಿದ. ಎರಡನೆಯ ಸಲ ಕುದುರೆಯವನು ಸತ್ತ. ಮತ್ತೆ ಮೊದಲಿನಿಂದ. ಹಿಂದಿನ ರಾತ್ರಿಯಿಂದ ಲೆಕ್ಕ ಹಿಡಿದರೆ ಎಂಟು ಸಲ. ಬೀಜದ ಚೀಲ ಬಾಗಿಲ ಬಳಿಯೇ ಇತ್ತು.

ಇದನ್ನು ಕೇಳಿ ನಾನು ನಗಲಿಲ್ಲ. ಯಾರನ್ನೂ ಕಳೆದುಕೊಳ್ಳದೆ ಗೆಲ್ಲಬೇಕೆಂಬ ಆಸೆ ಕೆಟ್ಟದ್ದೇನಲ್ಲ. ಆದರೆ ತಪ್ಪಾದೊಡನೆ ಅದನ್ನು ಒರೆಸಿ, ಆಗಲೇ ಇಲ್ಲವೆಂಬಂತೆ ಮತ್ತೆ ಆರಂಭಿಸುವ ಚಟ ಯಾರಿಗೆ ಒಳ್ಳೆಯದು?

ಸಂಜೆ ಅಟ್ಟದಿಂದ ಡಬ್ಬಿ ಇಳಿಸಲು ಭಾವನವರ ಒಪ್ಪಿಗೆ ಕೇಳಿದೆ. “ಒಮ್ಮೆ ನೋಡ್ರಿ, ಆಮ್ಯಾಲ ಬ್ಯಾಡ ಅಂದ್ರ ನಾನ ಒಯ್ತೀನಿ,” ಎಂದೆ. ಊಟವಾದ ಮೇಲೆ ದೀಪದ ಕೆಳಗೆ ಮೂವರೂ ಕೂತೆವು. ಹುಡುಗ ಅಂಜುತ್ತ ಅಂಜುತ್ತ ಆಟ ತೋರಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದ ಭಾವನವರು, “ಈ ಸಂದಿ ಒಂದ ಐತೇನು ಅವರಿಗೆ ಬರಾಕ?” ಎಂದು ಕೇಳಿದರು. ಬೆಟ್ಟದ ನಡುವೆ ಒಂದೇ ಮನೆಯಷ್ಟು ದಾರಿ. “ಹಂಗಾದ್ರ ಗಟ್ಟಿ ಆಳನ್ನ ಅಲ್ಲಿ ನಿಲ್ಲಸು. ಒಡ್ಡು ಕಟ್ಟಿದಂಗ. ಆ ಬಿಲ್ಲಿನಾಕಿ ಅವನ ಬೆನ್ನ ಹಿಂದ ಇರಲಿ.” ಆ ಕಾಳಗದಲ್ಲಿ ಯಾರೂ ಸಾಯಲಿಲ್ಲ!

ಹುಡುಗ ಬೆರಗಾಗಿ ತಂದೆಯ ಮುಖ ನೋಡಿದ. ಬೆರಗೇನಿದೆ? ಭಾವನವರು ಹುಲಿ-ಕುರಿ ಆಟದಲ್ಲಿ ಪಳಗಿದವರು. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನುತ್ತದೆ. ಕುರಿಗಳಿಗೆ ಹಲ್ಲಿಲ್ಲ, ಆದರೆ ಒಂದರ ಬೆನ್ನಿಗೆ ಒಂದು ನಿಂತರೆ ಹುಲಿಗೆ ಹಾರಲು ಜಾಗವಿಲ್ಲ. ಬಿಲ್ಲುಗಾರ್ತಿಯನ್ನು ಒಂಟಿಯಾಗಿ ಬಿಡಬಾರದೆಂಬ ಪಾಠ ಕಟ್ಟೆಯ ಕಲ್ಲಿನ ಮೇಲೆ ಗೆರೆ ಕೊರೆದು ಆಡುವ ಆ ಆಟದಲ್ಲೇ ಇದೆ.

ಇಂಥ ಆಟಗಳಿಗೆ ನಮ್ಮ ನೆಲದಲ್ಲಿ ದೊಡ್ಡ ಮಾನವಿತ್ತು. ಈ ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು. ರಾಜ್ಯಭಾರ, ಅಡುಗೆ, ಸಂಗೀತಗಳ ಜೊತೆಗೆ ಕೊನೆಯ ಭಾಗದಲ್ಲಿ ಆಟಗಳ ವಿಚಾರವಿದೆ, ಅದರಲ್ಲಿ ಚದುರಂಗವೂ ಒಂದು. ಆನೆ, ಕುದುರೆ, ರಥ, ಕಾಲಾಳುಗಳನ್ನು ಮಣೆಯ ಮೇಲೆ ನಡೆಸುವುದು ಬರೆದಿಡಲು ಯೋಗ್ಯವಾದ ವಿಷಯವೆಂದು ಆ ಅರಸನಿಗೆ ತೋರಿತ್ತು.

ಆಟ ಮುಗಿದ ಮೇಲೆ ಭಾವನವರು ಮಗನ ಕಡೆ ತಿರುಗಿ ಮೊದಲ ಸಲ ಮಾತಾಡಿದರು. “ಬಿತ್ತಿದ್ದು ಹುಟ್ಟಲಿಲ್ಲ ಅಂದ್ರ ನಾವೂ ಮತ್ತೊಮ್ಮೆ ಬಿತ್ತತೀವಿ. ಆದರ ಬೀಜದ ರೊಕ್ಕ ಮತ್ತ ಕೊಡಬೇಕು. ನಿನ್ನ ಆಟದಾಗ ಆ ರೊಕ್ಕ ಎಲ್ಲಿಂದ ಬರತೈತಿ?” ಹುಡುಗ ಉತ್ತರ ಕೊಡಲಿಲ್ಲ. ಎಂಟು ಸಲ ಆಡಿದ ಆಟದ ಬೆಲೆ ಅರ್ಧ ಹೊಲ ಎಂಬುದು ಅವನಿಗೆ ತಿಳಿಯಿತೆಂದು ಮುಖವೇ ಹೇಳುತ್ತಿತ್ತು.

ಮರುದಿನ ಮುಂಜಾನೆ ಅಳಿಯನನ್ನು ಕರೆದುಕೊಂಡು ಬಸವಣ್ಣನ ಗುಡಿಗೆ ಹೋದೆ. ಹಾದಿಯಲ್ಲಿ ಅವನಿಗೆ ವೀರಗಲ್ಲುಗಳ ವಿಷಯ ಹೇಳಿದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಸುತ್ತಲ ಊರುಗಳಲ್ಲೂ ಗುಡಿಯ ಪಕ್ಕದಲ್ಲೋ, ಬೇವಿನ ಮರದ ಕೆಳಗೋ, ಕೆರೆಯ ಏರಿಯ ಮೇಲೋ ಇಂಥ ಕಲ್ಲನ್ನು ನೀವು ನೋಡಿರಬಹುದು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಇವರೆಲ್ಲ ಅರಸರಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರೇ ಬಹಳ. ಶಾಸನಗಳಲ್ಲಿ ಅದಕ್ಕೆ ತುರುಗೊಳ್ ಎಂಬ ಮಾತಿದೆ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದುದೂ ಉಂಟು. ಆ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು.

ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲು ಬೆಂಗಳೂರಿನ ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯನ್ನು ನೆನೆಯುತ್ತದೆ. ಬೆಂಗಳೂರು ಎಂಬ ಹೆಸರು ನಮಗೆ ಅಷ್ಟು ಹಿಂದೆ ಸಿಗುವುದು ಒಬ್ಬನ ಸಾವನ್ನು ಯಾರೋ ಬರೆದಿಟ್ಟದ್ದರಿಂದ! ಮಂಡ್ಯ ಜಿಲ್ಲೆಯ ಆತಕೂರಿನ, ಹತ್ತನೆಯ ಶತಮಾನದ ಕಲ್ಲಂತೂ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ್ದು. ಅದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರು ಕೇಳಿ ಹುಡುಗನ ಕಣ್ಣರಳಿತು.

“ಅವರು ಸತ್ತವರನ್ನ ಒರೆಸಿ ಮತ್ತ ಆಟ ಚಾಲೂ ಮಾಡಲಿಲ್ಲಪಾ,” ಎಂದೆ. “ಕಲ್ಲಿನ ಮ್ಯಾಲ ಹೆಸರು ಬರದು ಮುಂದ ಹೋದರು.”

ಇನ್ನು ಪಾಲಕರಿಗೆ ಎರಡು ಮಾತು. ಪರದೆಯ ಮೇಲಿನ ಆಟಗಳೆಲ್ಲ ಒಂದೇ ಅಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಮನೆಗಳು ಹಾಳಾದುದನ್ನು ಕಂಡೇ ಸಂಸತ್ತು 2025ರ ಆಗಸ್ಟ್‌ನಲ್ಲಿ ಅವುಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಹಣ ಕೇಳದಿದ್ದರೂ ಮುಗಿಯುವುದೇ ಇಲ್ಲದ, ಬಿಟ್ಟು ಎದ್ದರೆ ಮತ್ತೆ ಮತ್ತೆ ಕರೆಯುವ ಮೊಬೈಲು ಆಟಗಳೂ ಬಹಳ. ನಮ್ಮ ಹಳೆಯ ಡಬ್ಬಿಯ ಆಟಕ್ಕೆ ಕೊನೆಯುಂಟು, ಜಾಹೀರಾತಿಲ್ಲ, ನಡುವೆ ನಿಲ್ಲಿಸಿ ಎದ್ದರೆ ನಿಲ್ಲಿಸಿದಲ್ಲಿಂದಲೇ ನಾಳೆ ಆಡಬಹುದು. ಆದ್ದರಿಂದ ಎಷ್ಟು ತಾಸು ಎಂದು ಕೇಳುವ ಮೊದಲು ಯಾವ ಆಟ ಎಂದು ಕೇಳಿರಿ. ಒಮ್ಮೆ ಪಕ್ಕದಲ್ಲಿ ಕೂತು ನೋಡಿರಿ.

ಹಾಗೆಂದು ಒಳ್ಳೆಯ ಆಟ ಹಾನಿ ಮಾಡುವುದಿಲ್ಲವೆಂದು ತಿಳಿಯಬಾರದು. ಬೀಜದ ಚೀಲ ಬಾಗಿಲಲ್ಲಿ ಉಳಿದದ್ದು ಒಳ್ಳೆಯ ಆಟದಿಂದಲೇ. ಆಟ ಕೈಮೀರುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆಟ ಹಿಡಿತಕ್ಕೆ ಸಿಗದಿರುವುದು, ಊಟ-ಓದುಗಳಿಗಿಂತ ಅದೇ ಮುಖ್ಯವಾಗುವುದು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಒಂದು ದಿನದ ತಪ್ಪಿಗೆ ಆ ಹೆಸರಿಲ್ಲ, ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಹೀಗೆಯೇ ನಡೆದರೆ ಉಂಟು. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರತ್ಯೇಕ ಚಿಕಿತ್ಸಾಲಯವಿದೆ. ಉಳಿದವರಿಗೆ ಮನೆಯ ಕಟ್ಟುಪಾಡು ಸಾಕು. ತಂಬೂರಿನ ಮನೆಯಲ್ಲಿ ಈಗ ಮೂರು ಕಟ್ಟುಪಾಡುಗಳಿವೆ. ಹೊಲದ ಕೆಲಸ, ಶಾಲೆಯ ಪಾಠ ಮುಗಿದ ಮೇಲೆಯೇ ಆಟ. ದಿನಕ್ಕೆ ಒಂದೇ ಕಾಳಗ. ಯಾರಾದರೂ ಸತ್ತರೆ ಮೊದಲಿನಿಂದ ಆಡುವ ಹಾಗಿಲ್ಲ.

ಮೂರನೆಯದನ್ನು ಹುಡುಗ ತಾನೇ ಸೇರಿಸಿದ್ದು. ದಸರೆಗೆ ಹೋದಾಗ ಅವನ ನೋಟುಬುಕ್ಕಿನ ಕೊನೆಯ ಪುಟ ನೋಡಿದೆ. ಗೆರೆ ಎಳೆದು ಬರೆದಿದ್ದ: ಹೆಸರು, ಅಧ್ಯಾಯ, ಸತ್ತ ಕಾರಣ. ನಾಲ್ಕು ಹೆಸರುಗಳಿದ್ದವು. ಕೊನೆಯದು ರೆಬೆಕಾ. ಎಂಟು ಸಲ ಉಳಿಸಲು ಹೆಣಗಿದವಳು ಮುಂದೆ ಒಂದು ಕಾಳಗದಲ್ಲಿ ಹೋಗಿಯೇಬಿಟ್ಟಿದ್ದಳು. ಕಾರಣದ ಜಾಗದಲ್ಲಿ, “ನಾನು ಹಿಂದೆ ನೋಡಲಿಲ್ಲ,” ಎಂದಿತ್ತು.

ಆ ವರ್ಷ ಅರ್ಧ ಹೊಲದ ಬೆಳೆ ತಡವಾಗಿಯೇ ಬಂತು, ಕಡಿಮೆಯೇ ಬಂತು. ಅದನ್ನು ಯಾರೂ ಮತ್ತೆ ಎತ್ತಿ ಆಡಿಲ್ಲ. ರಾತ್ರಿ ಊಟಕ್ಕೆ ಕೂತಾಗ ಭಾವನವರು ಮಾತ್ರ ರೊಟ್ಟಿ ಮುರಿಯುತ್ತ ಒಮ್ಮೆ ಕೇಳುತ್ತಾರೆ: “ಇವತ್ತ ಎಲ್ಲಾರೂ ಮನಿಗೆ ಬಂದರೇನಪಾ?”