ಡಿಸ್ಟರ್ಬ್ ಅಂದ್ರ ಏನು, ಬಿಡಿಸಿ ಹೇಳ್ರಿ

ನಾನು ಏಳನೇ ಇಯತ್ತೆ ಕಲಿತವ. ಹಗಲು ಒಕ್ಕಲುತನ, ರಾತ್ರಿ ಭಜನಿಯೊಳಗ ಹಾಡು. ಇಂಗ್ಲಿಷ್ ಶಬ್ದದ ಬಗ್ಗೆ ಬರೆಯಲು ಇವನ್ಯಾರು ಅಂತ ಕೇಳಬಹುದು. ಆ ಶಬ್ದ ನಮ್ಮ ಮನಿಯೊಳಗ ಬಂದು ಕುಂತೈತಿ, ಅದಕ್ಕ ಬರೀತೀನಿ.

ಹೋದ ವರ್ಷ ಮೊಮ್ಮಗ ಸಾಲಿಯಿಂದ ಬಂದು ಊಟ ಬಿಟ್ಟು ಮಲಗಿದ. ‘ಯಾಕೋ ತಮ್ಮಾ?’ ಅಂದೆ. ‘ಮೈಂಡ್ ಡಿಸ್ಟರ್ಬ್ ಆಗೇತಿ ಅಜ್ಜಾ’ ಅಂದ. ನಿದ್ದೆಗೆಟ್ಟಿರಬೇಕು ಅಂತ ಸುಮ್ಮನಾದೆ. ಎಂಟು ದಿನದ ಮ್ಯಾಲೆ ತಿಳೀತು: ಕನ್ನಡ ಸಾಲಿಯವ ಅಂತ ಪ್ಯಾಟಿ ಹುಡುಗರು ಚಾಷ್ಟಿ ಮಾಡಿದ್ದರು. ‘ಅಪಮಾನ ಆಗೇತಿ’ ಅಂದಿದ್ದರೆ ಅವತ್ತೇ ಮಗ್ಗಲಿಗೆ ಕುಂತು ಮಾತಾಡತಿದ್ದೆ.

ವಾಚನಾಲಯದ ದೊಡ್ಡ ನಿಘಂಟು ತೆಗೆಸಿ ಮಾಸ್ತರರ ಕಡೆಯಿಂದ ಓದಿಸಿದೆ. ಈ ಶಬ್ದದ ಬೇರು ಲ್ಯಾಟಿನ್ ಭಾಷೆಯ ‘ಟುರ್ಬಾ’. ಅಂದರೆ ಗದ್ದಲ, ಗದ್ದಲ ಮಾಡುವ ಗುಂಪು. ಅದರಿಂದ ‘ಟುರ್ಬಾರೆ’, ಕದಡುವುದು. ಮುಂದೆ ‘ಡಿಸ್’ ಕೂಡಿತು, ಪೂರಾ ಚೆಲ್ಲಾಪಿಲ್ಲಿ ಮಾಡುವುದು ಅಂತ ಆಯಿತು. ಫ್ರೆಂಚರ ಬಾಯಿ ದಾಟಿ ಸುಮಾರು 700 ವರ್ಷದ ಹಿಂದೆ ಇಂಗ್ಲಿಷಿಗೆ ಬಂತು. ನಾವು ‘ಟ್ರಬಲ್’ ಅಂತೀವಲ್ಲ, ಅದೂ ಇದೇ ಬೇರಿನ ಚಿಗುರು.

ಅವರ ಶಬ್ದಕ್ಕೆ ಅರ್ಥ ಐತಿ. ನಾವು ಬಳಸುವಾಗ ಅದು ಉಳಿದಿಲ್ಲ. ಬಾವಿ ನೀರು ಕದಡಿದರೆ ರಾಡಿ. ಹಾಡಿನ ನಡುವೆ ತಾಳ ತಪ್ಪಿದರೆ ಭಂಗ. ನೊಣ ಮುತ್ತಿದರೆ ಕಿರಿಕಿರಿ. ಸಾಲ ಕೊಟ್ಟವ ದಿನಾ ಬಾಗಿಲಿಗೆ ಬಂದರೆ ಕಾಟ. ಹಾದಿಗೆ ಮುಳ್ಳು ಹಚ್ಚಿದರೆ ಅಡ್ಡಿ. ಒಂದೊಂದು ಮಾತೂ ಏನಾಯಿತು ಅಂತ ಬಿಡಿಸಿ ಹೇಳತೈತಿ. ಈಗ ಎಲ್ಲಕ್ಕೂ ಡಿಸ್ಟರ್ಬ್! ಹತ್ತು ಬೀಜ ಇದ್ದ ಹೊಲದಾಗ ಒಂದೇ ಕಳೆ ಬೆಳೆಸಿದಂಗ.

ಎರವಲು ಮಾತು ಬ್ಯಾಡ ಅನ್ನುವವ ನಾನಲ್ಲ. ಈ ಜತ್ತ ಸೀಮೆಯೊಳಗ ಮರಾಠಿ ಬೆರೆಸದೆ ಯಾರು ಮಾತಾಡತಾರ? ‘ತ್ರಾಸ’ ಅವರೂ ಅಂತಾರ, ನಾವೂ ಅಂತೀವಿ. ಅದರಿಂದ ‘ಕಾಟ’ ಸತ್ತಿಲ್ಲ. ಬಸ್ಸು, ಪಂಪು ಬಂದಾಗ ಹೆಸರೂ ಜೊತೆಗೆ ಬಂತು, ಬರಲಿ. ಇದ್ದ ಮಾತು ನುಂಗುವ ಮಾತಿಗೆ ಮಾತ್ರ ನನ್ನ ತಕರಾರು.

ಮಾಸ್ತರರೇ, ಮಗು ‘ಡಿಸ್ಟರ್ಬ್ ಆಯ್ತು’ ಅಂದರೆ ಬೈಯಬ್ಯಾಡ್ರಿ. ‘ಏನಾಯ್ತು, ಬಿಡಿಸಿ ಹೇಳು’ ಅನ್ರಿ. ತನ್ನ ನೋವಿಗೆ ಹೆಸರು ಗೊತ್ತಿಲ್ಲದ ಮಗು ಯಾರ ಮುಂದೆ ಹೋಗಿ ಏನಂತ ಹೇಳೀತು?