ಯಾವ ಪಿಇಎಸ್ ಸ್ವಾಮಿ?

ಮದ್ದೂರು ದಾಟಿ ಮಂಡ್ಯದ ಕಡೆ ಬರುವ ಬೆಳಗಿನ ಬಸ್ಸು. ಸಿಇಟಿ ಫಲಿತಾಂಶ ಬಂದ ಮೇಲಿನ ದಿನಗಳು. ಸೀಟು ಸಿಗದೆ ಕಂಬಿ ಹಿಡಿದು ನಿಂತವರಿಬ್ಬರ ಮಾತು ಕಾಲೇಜು ಸೀಟಿನ ಮೇಲೆ.

"ನಮ್ ಭಾವನ ಮಗನಿಗೆ ಪಿಇಎಸ್‌ನಲ್ಲಿ ಆಯ್ತಂತೆ ಕಣಣ್ಣ."

"ಒಳ್ಳೇದಾಯ್ತು ಬುಡು. ಮನೆಯಿಂದ್ಲೇ ಓಡಾಡ್ಬೌದು."

"ಇಲ್ಲೀದಲ್ಲ, ಬೆಂಗ್ಳೂರುದು."

"ಬೆಂಗ್ಳೂರಲ್ಲಿ ಎಲ್ಲಿ?"

ಪೇಟೆ ಬೀದಿಯಲ್ಲಿ ಅಂಗಡಿ ಇಟ್ಟಿರುವ ಆ ಯಜಮಾನರು ತಲೆ ಕೆರೆದುಕೊಂಡರು. ಹಿಂದಿನ ಸೀಟಿನಿಂದ ಇನ್ನೊಬ್ಬರು ಬಾಯಿ ಹಾಕಿದರು: "ಸಿವಮೊಗ್ಗದಲ್ಲೂ ಒಂದು ಪಿಇಎಸ್ ಐತಲ್ಲಾ, ಅದೇನೋ ನೋಡಿ." ಬಸ್ಸೆಲ್ಲ ನಕ್ಕಿತು. ಅಂಗಡಿಯವರು ಮಾತ್ರ ನಗಲಿಲ್ಲ. ಫೀಜಿಗೆ ಅಂತ ಭಾವ ಅವರ ಹತ್ತಿರವೇ ಸಾಲ ಕೇಳಿದ್ದ. ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲದ ದುಡ್ಡು ಕೊಡೋದು ಯಾವ ವ್ಯಾಪಾರ?

ನಗುವ ಮಾತೂ ಅಲ್ಲ ಇದು. ಮಂಡ್ಯದವರಿಗೆ ಪಿಇಎಸ್ ಅಂದರೆ ಜನತಾ ಶಿಕ್ಷಣ ಟ್ರಸ್ಟಿನ ಇಂಜಿನಿಯರಿಂಗ್ ಕಾಲೇಜು. 1962ರಲ್ಲಿ ಶುರುವಾದದ್ದು, ಕೆ.ವಿ. ಶಂಕರಗೌಡರ ಕಾಲದ್ದು. ಕಬ್ಬು ಬೆಳೆಯುವವರ ಮಕ್ಕಳು ಇಂಜಿನಿಯರ್ ಆದದ್ದು ಅದರಿಂದ. ಬೆಂಗಳೂರಿನ ಪಿಇಎಸ್ ಬೇರೆ. ಎಂ.ಆರ್. ದೊರೆಸ್ವಾಮಿಯವರು ಕಟ್ಟಿದ ಸಂಸ್ಥೆ; 1988ರಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ 2013ರಲ್ಲಿ ಖಾಸಗಿ ವಿಶ್ವವಿದ್ಯಾನಿಲಯ ಆಯಿತು. ಶಿವಮೊಗ್ಗದ್ದು ಇನ್ನೂ ಬೇರೆ, ಅದು ಪ್ರೇರಣಾ ಟ್ರಸ್ಟಿನದು. ಮೂರು ಸಂಸ್ಥೆ, ಮೂರು ಆಡಳಿತ ಮಂಡಳಿ, ಮೂರೂ ಅಕ್ಷರ ಒಂದೇ.

ಇಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ನಡೆಯೋದು ಎರಡು ಕಡೆ. ಒಂದು ಬನಶಂಕರಿ ಮೂರನೇ ಹಂತದ ರಿಂಗ್ ರೋಡ್ ಕ್ಯಾಂಪಸ್. ಇನ್ನೊಂದು ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಕ್ಯಾಂಪಸ್. ಎರಡನೆಯದು ಹಿಂದೆ ವಿಟಿಯು ಕೆಳಗೆ ಪ್ರತ್ಯೇಕ ಕಾಲೇಜಾಗಿತ್ತು, ಆಮೇಲೆ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಇವತ್ತು ಎರಡೂ ಕಡೆ ಓದಿದವರಿಗೆ ಡಿಗ್ರಿ ಕೊಡುವುದು ಒಂದೇ ವಿಶ್ವವಿದ್ಯಾನಿಲಯ. ಆದರೆ ಸಿಇಟಿ ಪಟ್ಟಿಯಲ್ಲಿ ಎರಡೂ ಬೇರೆ ಬೇರೆ. ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತು ಅನ್ನೋ ಲೆಕ್ಕವೂ ಬೇರೆ. ರಿಂಗ್ ರೋಡಿನಲ್ಲಿರುವ ಬ್ರಾಂಚುಗಳೆಲ್ಲ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಲ್ಲ.

ಬಸ್ಸಿನ ಲೆಕ್ಕದಲ್ಲಿ ನೋಡಿ. ಮಂಡ್ಯದಿಂದ ಹೋಗಿ ಮೈಸೂರು ರಸ್ತೆಯ ಸ್ಯಾಟಲೈಟ್ ಸ್ಟ್ಯಾಂಡಿನಲ್ಲಿ ಇಳಿದವನಿಗೆ ರಿಂಗ್ ರೋಡ್ ಹತ್ತಿರ. ಎಲೆಕ್ಟ್ರಾನಿಕ್ ಸಿಟಿ ಬೆಂಗಳೂರಿನ ಇನ್ನೊಂದು ತುದಿ. ಬಾಡಿಗೆ ರೂಮು, ಮೆಸ್ಸು, ಬಸ್ ಪಾಸು, ಎಲ್ಲದರ ಲೆಕ್ಕ ಬದಲಾಗುತ್ತೆ. ನಾಲ್ಕು ವರ್ಷದ ಮಾತು ಇದು.

ಇದು ಒಂದೇ ಸಂಸ್ಥೆಯ ಕಥೆಯೂ ಅಲ್ಲ. ಹುಬ್ಬಳ್ಳಿಯ ಬಿವಿಬಿ 1947ರ ಕಾಲೇಜು. 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾನಿಲಯ ಆಯಿತು, ಬೆಳಗಾವಿಯಲ್ಲೂ ಕ್ಯಾಂಪಸ್ ಆಯಿತು. ದೊಡ್ಡ ಹೆಸರುಗಳು ಕವಲೊಡೆಯುವ ಕಾಲ ಇದು. ಒಡೆಯಲಿ, ಬೇಡ ಅನ್ನುವವರು ಯಾರು? ಆದರೆ ಹೆಸರು ಒಂದಾದ ಮಾತ್ರಕ್ಕೆ ಮೇಷ್ಟ್ರು, ಲ್ಯಾಬು, ಹಾಸ್ಟೆಲು ಒಂದೇ ಆಗೋದಿಲ್ಲ. ಪೇಟೆ ಬೀದಿಯಲ್ಲಿ ಒಂದೇ ಹೆಸರಿನ ಎರಡು ಜವಳಿ ಅಂಗಡಿ ಇದ್ದರೆ ಗಿರಾಕಿ ಎರಡೂ ಕಡೆ ಸೀರೆ ಮುಟ್ಟಿ ನೋಡುತ್ತಾನೆ. ಮಗನ ಓದಿಗೆ ಅಷ್ಟೂ ಬೇಡವೆ?

ಇನ್ನು ಬಾಗಿಲುಗಳ ವಿಚಾರ. ಒಂದೇ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಹುಡುಗರು ಬೇರೆ ಬೇರೆ ಬಾಗಿಲಿಂದ ಬಂದಿರುತ್ತಾರೆ. ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 45 ಸೀಟು ಸಿಇಟಿ ಮೂಲಕ, ಶೇ. 30 ಕಾಮೆಡ್‌ಕೆ ಮೂಲಕ, ಉಳಿದ ಶೇ. 25 ಆಡಳಿತ ಮಂಡಳಿ ಕೈಯಲ್ಲಿ. ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಸಿಇಟಿಗೆ ಬರೋದು ಶೇ. 40. ಮಿಕ್ಕಿದ್ದಕ್ಕೆ ಅವರದೇ ಪರೀಕ್ಷೆ, ಅವರದೇ ಫೀಜು. ಪಿಇಎಸ್ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಪೆಸ್ಸಾಟ್ ಅಂತ ಹೆಸರು.

ಸಿಇಟಿ ಬಾಗಿಲಲ್ಲಿ ಬಡವನ ಮಗನಿಗೆ ಒಂದಿಷ್ಟು ಆಸರೆ ಇದೆ. ಹಳ್ಳಿಯಲ್ಲಿ ಒಂದರಿಂದ ಹತ್ತನೇ ಕ್ಲಾಸು ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ವರ್ಷಕ್ಕೆ 8 ಲಕ್ಷದೊಳಗೆ ಆದಾಯ ಇದ್ದವರ ಮಕ್ಕಳಿಗೆ ಬೋಧನಾ ಶುಲ್ಕ ಬಿಟ್ಟುಕೊಡುವ ಶೇ. 5 ಹೆಚ್ಚುವರಿ ಸೀಟುಗಳೂ ಇವೆ. ಮಂಡ್ಯ ಜಿಲ್ಲೆಯ ಎಷ್ಟೋ ಹುಡುಗರು ಇದಕ್ಕೆಲ್ಲ ಅರ್ಹರು. ಆದರೆ ಅರ್ಜಿ ತುಂಬುವಾಗ ಆ ಕಾಲಂ ಖಾಲಿ ಬಿಟ್ಟು, ಶಾಲೆಯ ಸರ್ಟಿಫಿಕೇಟಿಗೆ ಬಿಇಒ ಸಹಿ ಹಾಕಿಸದೆ, ಆಮೇಲೆ ಕೈಕೈ ಹಿಸುಕಿಕೊಳ್ಳುವವರಿದ್ದಾರೆ. ಅದೇ ಹೊತ್ತಿಗೆ ಮನೆ ಬಾಗಿಲಿಗೆ ದಲ್ಲಾಳಿ ಬರುತ್ತಾನೆ. "ಯಜಮಾನ್ರೇ, ಒಂದೇ ಸೀಟು ಉಳಿದಿರೋದು, ನಾಳೆ ಅಂದ್ರೆ ಇಲ್ಲ." ಅವನಿಗೆ ಯಾವ ಕ್ಯಾಂಪಸ್ ಅಂತ ಕೇಳಿದರೆ, "ಎಲ್ಲಾ ಒಂದೇ ಮ್ಯಾನೇಜ್‌ಮೆಂಟು ಸಾರ್" ಅನ್ನುತ್ತಾನೆ. ರಸೀದಿ ಕೇಳಿದರೆ ನಗುತ್ತಾನೆ.

ಡೊನೇಷನ್ ತಡೆಯೋಕೆ ಕರ್ನಾಟಕದಲ್ಲಿ 1984ರಲ್ಲೇ ಕಾಯಿದೆ ಆಗಿದೆ. 1992ರಲ್ಲಿ ಸುಪ್ರೀಂ ಕೋರ್ಟೂ ಅದು ತಪ್ಪು ಅಂತ ಹೇಳಿತು. ಅಷ್ಟಾದರೂ ದಲ್ಲಾಳಿಯ ಅಂಗಡಿ ಮುಚ್ಚಲಿಲ್ಲ, ಬೋರ್ಡು ಬದಲಾಯಿತು ಅಷ್ಟೆ.

2024ರಲ್ಲಿ ಹೊರಬಂದ ಸೀಟ್ ಬ್ಲಾಕಿಂಗ್ ಪ್ರಕರಣ ನೆನಪಿರಲಿ. ಬಸ್ಸಿನಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟ್ಯಾಂಡಿಗೆ ಬಸ್ ಬಂದ ಕೂಡಲೆ ಕಿಟಕಿಯಿಂದ ಕರ್ಚೀಫು ಎಸೆಯುತ್ತಾರಲ್ಲ, ಅದೇ ಕೆಲಸ. ಒಳ್ಳೆ ರ‍್ಯಾಂಕಿನವರ ಹೆಸರಲ್ಲಿ ಬೇಡಿಕೆಯ ಸೀಟು ಹಿಡಿಯೋದು, ಕಾಲೇಜಿಗೆ ಸೇರದೆ ಸುಮ್ಮನಿರೋದು, ಕೊನೆಯ ಸುತ್ತು ಮುಗಿದ ಮೇಲೆ ಖಾಲಿ ಅಂತ ಆ ಸೀಟು ಆಡಳಿತ ಮಂಡಳಿಗೆ ಹೋಗೋದು. ಪರೀಕ್ಷಾ ಪ್ರಾಧಿಕಾರ ಮಲ್ಲೇಶ್ವರಂ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳಾದವು. ಆದರೆ ಬಸ್ಸಿನಲ್ಲಿ ಕರ್ಚೀಫು ಹಾಕಿದವನ ಜೊತೆ ನಿಂತಲ್ಲೇ ಜಗಳ ಆಡಬಹುದು. ಕಂಪ್ಯೂಟರಿನೊಳಗೆ ಹಾಕಿದ ಕರ್ಚೀಫು ಕೆ.ಆರ್. ಪೇಟೆಯ ಹುಡುಗನ ಕಣ್ಣಿಗೆ ಬೀಳೋದೇ ಇಲ್ಲ. ತನ್ನ ರ‍್ಯಾಂಕೇ ಸಾಲದಾಯ್ತು ಅಂತ ಅವನು ತನ್ನನ್ನೇ ಬೈದುಕೊಳ್ಳುತ್ತಾನೆ.

ಕೋರ್ಸುಗಳ ಕಡೆ ಬನ್ನಿ. ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕು. ಅದಕ್ಕೇ ಬಾಲ ಅಂಟಿಸಿ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಹೊಸ ಹೊಸ ಹೆಸರು. ಚೆನ್ನಾಗಿ ನಡೆಯುವ ಕಾಲೇಜುಗಳಲ್ಲಿ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅಂತ ಇದ್ದ ಮಿತಿಯನ್ನು ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಬೆಂಗಳೂರಿನ ದೊಡ್ಡ ಹೆಸರಿನವರು ಸೀಟು ಹೆಚ್ಚಿಸಿಕೊಳ್ಳಲು ದಾರಿ ಸಲೀಸಾಯಿತು. ನಷ್ಟ ಯಾರಿಗೆ? ಜಿಲ್ಲೆಯ ಕಾಲೇಜಿಗೆ. ಅಲ್ಲಿ ಸಿವಿಲ್, ಮೆಕ್ಯಾನಿಕಲ್ ಕ್ಲಾಸಿನಲ್ಲಿ ಬೆಂಚು ಖಾಲಿ ಆದರೆ ಮೇಷ್ಟ್ರಿಗೆ ಕೆಲಸ ಇಲ್ಲ, ಸುತ್ತಮುತ್ತಲ ಜೆರಾಕ್ಸ್ ಅಂಗಡಿ, ಮೆಸ್ಸು, ಬಾಡಿಗೆ ರೂಮಿಗೆ ವ್ಯಾಪಾರ ಇಲ್ಲ. ಮನೆ ಊಟ ಉಂಡು ಓದಬಹುದಾದ ಹುಡುಗ ಯಾವುದೋ ಕ್ಯಾಂಪಸ್ಸಿನ ಹೆಸರಿಗೆ ಮರುಳಾಗಿ ನೂರು ಕಿಲೋಮೀಟರ್ ಆಚೆ ಸಾಲದಲ್ಲಿ ಓದುತ್ತಾನೆ. ಹೋಗಲೇಬಾರದು ಅಂತಲ್ಲ. ಬೆಂಗಳೂರಿನಲ್ಲಿ ಓದಿ ಉದ್ಧಾರ ಆದವರು ಬೇಕಾದಷ್ಟಿದ್ದಾರೆ. ತಿಳಿದು ಹೋಗಲಿ ಅನ್ನೋದಷ್ಟೇ ಮಾತು.

ಇದಕ್ಕೆ ದೊಡ್ಡ ಕಮಿಟಿ, ಕಮಿಷನ್ನು ಏನೂ ಬೇಡ. ಬಸ್ಸಿನ ಹಣೆಯ ಮೇಲೆ ಯಾವ ಊರಿಗೆ, ಯಾವ ದಾರಿ ಅಂತ ಬೋರ್ಡು ಇರುತ್ತೆ. "ಮೈಸೂರು, ವಯಾ ಮದ್ದೂರು, ಮಂಡ್ಯ" ಅಂತ ಓದಿಕೊಂಡೇ ಜನ ಹತ್ತುತ್ತಾರೆ. ಹತ್ತಾರು ರೂಪಾಯಿ ಟಿಕೆಟಿಗೆ ಇಷ್ಟು ಮರ್ಯಾದೆ ಇದೆ. ಲಕ್ಷಗಟ್ಟಲೆ ಫೀಜು ಕಟ್ಟಿಸಿಕೊಳ್ಳುವ ಕಾಲೇಜುಗಳ ಜಾಹೀರಾತಿನಲ್ಲಿ ಕ್ಯಾಂಪಸ್ ಯಾವುದು, ಅಲ್ಲಿ ಯಾವ ಬ್ರಾಂಚುಂಟು, ಪ್ರತಿ ಬಾಗಿಲಿಗೂ ನಾಲ್ಕು ವರ್ಷದ ಒಟ್ಟು ಫೀಜು ಎಷ್ಟು ಅಂತ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿಸಲಿ. ಸರ್ಕಾರ ಅದನ್ನು ಕಡ್ಡಾಯ ಮಾಡಲಿ. ಜಿಲ್ಲೆಯ ಪಿಯು ಕಾಲೇಜಿನ ಪ್ರಿನ್ಸಿಪಾಲರು ವರ್ಷಕ್ಕೊಂದು ದಿನ ತಂದೆತಾಯಿಯರನ್ನು ಕರೆದು ಕೂರಿಸಿ ಸಿಇಟಿ ಅರ್ಜಿಯ ಕಾಲಂಗಳನ್ನು ಓದಿ ಹೇಳಲಿ.

ಅಲ್ಲಿಯವರೆಗೆ ದುಡ್ಡು ಕಟ್ಟುವವರೇ ಕೇಳಬೇಕು: ಯಾವ ಕ್ಯಾಂಪಸ್ಸು, ಯಾವ ಬ್ರಾಂಚು, ಯಾವ ಕೋಟಾ. ಉತ್ತರ ಕಾಗದದಲ್ಲಿ ಬರಬೇಕು, ದುಡ್ಡು ಸಂಸ್ಥೆಯ ಖಾತೆಗೇ ಹೋಗಬೇಕು, ರಸೀದಿ ಕೈಗೆ ಸಿಗಬೇಕು.

ಪೇಟೆ ಬೀದಿಯ ಯಜಮಾನರು ಮಂಡ್ಯ ಸ್ಟ್ಯಾಂಡಿನಲ್ಲಿ ಇಳಿದವರೇ ಭಾವನಿಗೆ ಫೋನು ಮಾಡಿದರು. "ದುಡ್ಡು ಕೊಡ್ತೀನಿ ಭಾವ. ಮೊದ್ಲು ಅಡ್ರೆಸ್ ಓದು."